ಕರ್ಪೂರ ಆರಿಸಿದ ಕೈ

ಅಪ್ಪಯ್ಯಾ,

ನೀನು ಹೋಗಿ ಏಳು ವರ್ಷವಾಯಿತು. ನೀನಿದ್ದಾಗ ನಿನಗೆ ಒಂದು ಕಾಗದವನ್ನೂ ಬರೆದವನಲ್ಲ ನಾನು. ಒಂದೇ ಸೂರಿನಡಿ ಇದ್ದವರು ಯಾಕೆ ಬರೆಯಬೇಕು? ಆದರೆ ಒಂದೇ ಸೂರಿನಡಿ ಇದ್ದುಕೊಂಡೇ ನಿನಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಸುತ್ತಿ ಬಳಸಿ ಹೇಳಹೊರಟರೆ ಮತ್ತೆ ಅರ್ಧದಲ್ಲೇ ನುಂಗಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಮೊದಲು ಅದನ್ನೇ ಹೇಳುತ್ತೇನೆ. ಪುಟ್ಟಸ್ವಾಮಣ್ಣನ ಹೊಗೆಸೊಪ್ಪಿನ ಬ್ಯಾರನ್ ಸುಟ್ಟುಹೋದದ್ದು ನನ್ನಿಂದ. ಚೆಲುವಯ್ಯನಿಂದಲ್ಲ. ಗುಡಿಯಲ್ಲಿ ಮಾದಪ್ಪನ ಮುಂದೆ ನೀನೇ ಹಚ್ಚಿ ಹಿಡಿದ ಕರ್ಪೂರವನ್ನು ನಾನು ಸುಳ್ಳು ಆಣೆಗೆ ಆರಿಸಿದೆ.

ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನ ನೀನು ಗುಡಿಯ ಜಗಲಿಯಲ್ಲಿ ಕೂತು ಬಿಲ್ವಪತ್ರೆ ಬಿಡಿಸುತ್ತಿದ್ದೆಯಂತೆ. ಹೊಗೆ ಕಂಡು ಎದ್ದು ಓಡಿ ಬಂದೆ, ಮಡಿಲಲ್ಲಿದ್ದ ಪತ್ರೆಯೆಲ್ಲ ದಾರಿಯುದ್ದಕ್ಕೂ ಚೆಲ್ಲಿತ್ತು. ಹೊಗೆಸೊಪ್ಪಿನ ಕಾಲ. ಕಡ್ಡಿಗೆ ಕಟ್ಟಿದ ಸೊಪ್ಪನ್ನು ಬ್ಯಾರನ್ನಿನ ಒಳಗೆ ಸೂರಿನವರೆಗೆ ಸಾಲುಸಾಲಾಗಿ ನೇತುಹಾಕಿ, ಐದಾರು ದಿನ ಹೊರಗಿನ ಒಲೆಯಿಂದ ಹದವಾಗಿ ಬಿಸಿ ಕೊಡಬೇಕು. ಒಳಗಿನ ಕಬ್ಬಿಣದ ಕೊಳವೆ ಕಾದಿರುತ್ತದೆ, ಒಣಗಿದ ಎಲೆಯೊಂದು ಉದುರಿ ಅದರ ಮೇಲೆ ಬಿದ್ದರೆ ಮುಗಿಯಿತು. ಅದಕ್ಕೇ ಒಬ್ಬ ಸದಾ ಕಾಯುತ್ತಿರಬೇಕು. ಪುಟ್ಟಸ್ವಾಮಣ್ಣ ನನ್ನನ್ನೂ ಚೆಲುವಯ್ಯನನ್ನೂ ಪಾಳಿಗೆ ಇಟ್ಟಿದ್ದ. ಮಧ್ಯಾಹ್ನದಿಂದ ಸಂಜೆವರೆಗೆ ನನ್ನ ಪಾಳಿ. ನಾನು ನಾಲ್ಕು ದಪ್ಪ ಕೊರಡು ಒಲೆಗೆ ತುರುಕಿ, ಬರುವ ತನಕ ಉರಿಯುತ್ತಿರಲಿ ಎಂದು ಸಾರಾಯಿ ಅಂಗಡಿಗೆ ಹೋದೆ. ಒಂದು ಪ್ಯಾಕೆಟ್ ಅಂದುಕೊಂಡು ಹೋದವನು ಮೂರು ಕುಡಿದೆ. ವಾಪಸು ಬಂದಾಗ ಹೆಂಚುಗಳು ಪಟಪಟ ಸಿಡಿಯುತ್ತಿದ್ದವು.

ಪುಟ್ಟಸ್ವಾಮಣ್ಣ ನನ್ನ ರಟ್ಟೆ ಹಿಡಿದು ಯಾರ ಪಾಳಿ ಎಂದು ಕೇಳಿದಾಗ, ದೇವರಾಣೆ ಅಪ್ಪಯ್ಯ (ನೋಡು, ಇನ್ನೂ ಈ ಬಾಯಿಗೆ ಆಣೆ ಎಷ್ಟು ಸಲೀಸಾಗಿ ಬರುತ್ತದೆ), ನಾನು ಯೋಚಿಸಲೇ ಇಲ್ಲ. ಚೆಲುವಯ್ಯನ ಪಾಳಿ, ನಾವಿಬ್ಬರೂ ಬದಲಾಯಿಸಿಕೊಂಡಿದ್ದೆವು ಎಂದುಬಿಟ್ಟೆ. ಹಿಂದಿನ ದಿನ ನಿಜವಾಗಿಯೂ ಬದಲಾಯಿಸಿಕೊಂಡಿದ್ದೆವು, ಅದಕ್ಕೇ ಸುಳ್ಳಿಗೆ ಕಾಲು ಬಂತು. ಚೆಲುವಯ್ಯ ಕೋಟೆ ತಾಲ್ಲೂಕಿನ ಕಡೆಯಿಂದ ಕೂಲಿಗೆ ಬಂದು ನಮ್ಮೂರಲ್ಲೇ ನಿಂತವನು. ಅಣ್ಣತಮ್ಮಂದಿರಿಲ್ಲ, ನೆಂಟರಿಲ್ಲ, ಪರವಾಗಿ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ನಾನು ಗುಡಿಯ ತಮ್ಮಡಿಯ ಮಗ. ನೀನು ನಲವತ್ತು ವರ್ಷ ಪೂಜೆ ಮಾಡಿದ ಹೆಸರು ನನ್ನ ಬೆನ್ನಿಗಿತ್ತು. ಅವನು ಕೂಗಾಡಲಿಲ್ಲ, ನನ್ನನ್ನೇ ನೋಡುತ್ತಾ ನಿಂತ.

ಸೋಮವಾರ ಪೂಜೆ ಮುಗಿದ ಮೇಲೆ ಊರವರು ನಮ್ಮಿಬ್ಬರನ್ನೂ ಗುಡಿ ಮುಂದೆ ನಿಲ್ಲಿಸಿದ್ದನ್ನು ನೀನು ಮರೆತಿರಲಾರೆ. ಸಾಕ್ಷಿ ಇಲ್ಲದ ಕಡೆ ಮಾದಪ್ಪನೇ ಸಾಕ್ಷಿ, ತಟ್ಟೆಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿದವನು ಸತ್ಯವಂತ, ಹಿಂದೆ ಸರಿದವನು ತಪ್ಪಿತಸ್ಥ. ತಾತನ ಕಾಲದಿಂದ ಬಂದ ಕಟ್ಟಲೆ. ಮೊದಲು ಚೆಲುವಯ್ಯನ ಮುಂದೆ ತಟ್ಟೆ ಹಿಡಿದೆ. ಅವನು ಟವೆಲ್ಲು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದ. "ಉರಿಯೋ ಬೆಳಕು ಸ್ವಾಮೀದು, ಅದ್ನ ನಾನ್ಯಾಕೆ ಆರಿಸ್ಲಿ? ಯಾರ್ ಪಾಳಿ ಅಂತ ಅವ್ನಿಗೇ ಗೊತ್ತು" ಎಂದ. ಅಷ್ಟೇ. ನೋಡಿದ್ರಾ ಹಿಂಜರಿದ ಎಂದು ಜನ ಗುಜುಗುಜು ಶುರು ಮಾಡಿದರು. ಆಮೇಲೆ ತಟ್ಟೆ ನನ್ನ ಮುಂದೆ ಬಂತು. ನಾನು ಬಡಿದೆ.

ನೀನು ಗಿಂಡಿಯಿಂದ ನನ್ನ ಕೈಗೆ ನೀರು ಹಾಕಿ ಮೆಲ್ಲಗೆ ಕೇಳಿದೆ, "ಸುಡ್ತಾ ಮಗ?" ಇಲ್ಲ ಅಪ್ಪಯ್ಯ ಎಂದೆ. ಸುಟ್ಟಿತ್ತು. ಕೈ ಉರಿಯ ಮೇಲೆ ಒಂದು ಗಳಿಗೆ ಹೆಚ್ಚಿಗೆ ನಿಂತುಬಿಟ್ಟಿತ್ತು. ಅಂಗೈ ನಡುವೆ ಅವರೆಕಾಳಿನಷ್ಟು ಬೊಬ್ಬೆ ಎದ್ದು, ಅದನ್ನು ಮುಚ್ಚಿಡಲು ವಾರವೆಲ್ಲ ಮುಷ್ಟಿ ಬಿಗಿದುಕೊಂಡೇ ಓಡಾಡಿದೆ. ಒಂದು ಸುಳ್ಳು ದೇವರಿಗೆ, ಒಂದು ನಿನಗೆ. ನಿಜ ಹೇಳಬೇಕೆಂದರೆ ನಿನಗೆ ಹೇಳಿದ್ದೇ ಹೆಚ್ಚು ಚುಚ್ಚಿತು. ಆ ವಾರದೊಳಗೇ ಚೆಲುವಯ್ಯ ತಲೆಯ ಮೇಲೆ ಒಂದು ಟ್ರಂಕು ಹೊತ್ತುಕೊಂಡು ಊರು ಬಿಟ್ಟ. ಅವನ ಹೆಂಡತಿ ಕುಕ್ಕೆಯಲ್ಲಿ ಎರಡು ಕೋಳಿ ಹಿಡಿದು ಹಿಂದೆ ನಡೆದಳು. ನಾನು ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ನೋಡಿದೆ. ಕೂಗಿ ಕರೆದಿದ್ದರೆ... ಕರೆಯಲಿಲ್ಲ.

ಮುಂದಿನ ಅಮಾವಾಸ್ಯೆಗೆ ನೀನು ಮಂಡಿನೋವು, ಇನ್ನು ಕೂತು ಏಳಲಾರೆ, ಪೂಜೆ ಮಗ ಮಾಡಲಿ ಎಂದಾಗ ಊರಿಗೆ ಊರೇ ಒಪ್ಪಿತು. ಸತ್ಯದ ಕೈ ಎಂದರು. ನಾನು ಒಲ್ಲೆ ಎಂದೆ, ಮಂತ್ರ ಬರುವುದಿಲ್ಲ ಎಂದೆ, ಏನೇನೋ ನೆಪ ಹೇಳಿದೆ. ನೀನು ನನ್ನ ಮುಷ್ಟಿ ಬಿಡಿಸಿ ಅಂಗೈಯ ಕಲೆಯನ್ನು ಹೆಬ್ಬೆರಳಿಂದ ಸವರಿದೆ. "ಕೈ ಎಂಗಾರ ಇರ್ಲಿ ಕಣ್ಲಾ, ತೊಳ್ಕಂಡು ಬಾ. ತೊಳ್ದ ಕೈನ ಮಾದಪ್ಪ ಯಾವತ್ತೂ ಬ್ಯಾಡ ಅಂದಿಲ್ಲ. ನಾಚ್ಕಂಡು ದೂರ ನಿಲ್ಬ್ಯಾಡ" ಎಂದೆ. ಆವತ್ತಿನಿಂದ ಇವತ್ತಿನವರೆಗೂ ಕೇಳಿಕೊಳ್ಳುತ್ತಲೇ ಇದ್ದೇನೆ. ನಿನಗೆ ಗೊತ್ತಿತ್ತಾ? ಗೊತ್ತಿದ್ದರೆ ಯಾಕೆ ಕೆನ್ನೆಗೆ ಬಾರಿಸಲಿಲ್ಲ? ಗೊತ್ತಿರದಿದ್ದರೆ, ಗುಡಿಯಲ್ಲಿ ಕೂರಲು ಬಿಡದ ಮಂಡಿ ಹೊಲದಲ್ಲಿ ಕೂತು ಕಳೆ ಕೀಳಲು ಹೇಗೆ ಬಿಟ್ಟಿತು?

ಪೂಜೆಗೆ ನಿಂತ ಮೊದಲ ಸೋಮವಾರ ಹಿಂದಿನ ವಾರದ ಬಾಡಿದ ಹೂವು ತೆಗೆಯುವಾಗ ನನ್ನ ಬೆರಳು ಲಿಂಗಕ್ಕೆ ತಾಗಿ ಮೈಯೆಲ್ಲ ಬೆವೆತಿತು. ಈಗ ಏನೋ ಆಗುತ್ತದೆ ಎಂದು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಸುಳ್ಳು ಆಣೆ ಮಾಡಿದವನ ಮನೆ ವರ್ಷದೊಳಗೆ ಉರಿದುಹೋಗುತ್ತದೆ ಎನ್ನುತ್ತಾರಲ್ಲ, ನಾನು ಕಾದೆ. ಹಸು ಕರು ಹಾಕಿತು, ಬೆಳೆ ಬಂತು, ನನಗೆ ಮಗಳು ಹುಟ್ಟಿದಳು. ಶಾಪ ತಟ್ಟಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ತಟ್ಟದೆ ಇದ್ದದ್ದಕ್ಕೆ ದೇವರಿಗೆ ನನ್ನ ಗೊಡವೆಯೇ ಬೇಡವಾಗಿದೆ ಎಂದುಕೊಂಡೆ. ಪೂಜೆ ಮುಗಿಸಿ ಬಾಗಿಲು ಹಾಕಿ ನೇರ ಸಾರಾಯಿ ಅಂಗಡಿಗೆ ಹೋಗುತ್ತಿದ್ದೆ. ಶಿವರಾತ್ರಿಗೆ ಬಿಡುತ್ತಿದ್ದೆ, ಯುಗಾದಿಗೆ ಮತ್ತೆ ಹಿಡಿಯುತ್ತಿದ್ದೆ. ನನ್ನ ಹೆಂಡತಿ ಶಿವಮ್ಮ ಮೊದಮೊದಲು ಲೆಕ್ಕವಿಟ್ಟಳು, ಆಮೇಲೆ ಅದನ್ನೂ ಬಿಟ್ಟಳು.

ನಿನ್ನ ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಿನ್ನ ಕಾಲು ಒತ್ತುತ್ತಾ ಧೈರ್ಯ ಮಾಡಿ ಅಪ್ಪಯ್ಯ, ಆ ಬ್ಯಾರನ್ ಸುಟ್ಟ ದಿನ... ಎಂದು ಶುರು ಮಾಡಿದೆ. ನೀನು ಕಣ್ಣು ಬಿಟ್ಟು ನನ್ನ ಕಡೆ ತಿರುಗಿದೆ. ಎಷ್ಟು ಹೊತ್ತು ಹಾಗೇ ನೋಡಿದೆ! ಅಷ್ಟು ಹೊತ್ತಿನಲ್ಲಿ ನಾನು ಎಲ್ಲವನ್ನೂ ಹೇಳಿ ಮುಗಿಸಬಹುದಿತ್ತು. ಆ ದಿನ ಬಿಸಿಲು ಬಹಳ ಇತ್ತು ಅಲ್ವಾ ಎಂದು ಮಾತು ತಿರುಗಿಸಿದೆ. ನೀನು ನೀರು ಕೇಳಿದೆ, ಕೊಟ್ಟೆ. ಮೂರನೇ ದಿನಕ್ಕೆ ನೀನಿರಲಿಲ್ಲ. ಎಂಥ ಹೇಡಿಯನ್ನು ಹೆತ್ತೆ ಅಪ್ಪಯ್ಯ ನೀನು.

ಈ ವರ್ಷ ಶ್ರಾವಣದಲ್ಲಿ ಒಂದು ಸಂಜೆ ಪುಟ್ಟಸ್ವಾಮಣ್ಣ ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಈಗ ಸ್ಕೂಲಿನಲ್ಲಿ ಮಕ್ಕಳಿಗೆ ಮಧ್ಯಾಹ್ನ ಬಿಸಿಯೂಟ ಹಾಕುತ್ತಾರೆ, ನಿನ್ನ ಕಾಲಕ್ಕೆ ಇರಲಿಲ್ಲ. ಅಡುಗೆ ಮಾಡುವವಳು ಜಯಮ್ಮ, ಗಂಡ ಸತ್ತವಳು, ಒಬ್ಬಳೇ ಮಗಳು. ಅಲ್ಲಿಂದ ಒಂದು ಮೂಟೆ ಅಕ್ಕಿ ಕಾಣೆಯಾಗಿದೆ, ಬೀಗದ ಕೈ ಇದ್ದದ್ದು ಅವಳ ಬಳಿ. ಸೋಮವಾರ ಕರ್ಪೂರ ಆರಿಸಲಿ, ನೀನು ತಟ್ಟೆ ಸಿದ್ಧ ಮಾಡು ಎಂದರು. ಆಗಲಿ ಎಂದೆ. ಬೇರೆ ಏನು ಹೇಳಲಿ?

ಮಾರನೆಯ ದಿನ ಜಯಮ್ಮ ಹಿತ್ತಿಲ ಕಡೆಯಿಂದ ಬಂದು ಶಿವಮ್ಮನ ಮುಂದೆ ಅತ್ತಳು. ಅಕ್ಕಿ ಮುಟ್ಟಿಲ್ಲ, ಆದರೆ ದೇವರ ಬೆಳಕನ್ನು ಕೈಯಾರೆ ಆರಿಸಲು ಭಯ, ಮನೆಯಲ್ಲಿ ಇರುವುದೇ ಒಂದು ಮಗು, ಹೆಚ್ಚುಕಡಿಮೆ ಆದರೆ ಏನು ಗತಿ ಎಂದಳು. ನಾನು ಒಳಗೆ ಕೂತು ಕೇಳಿಸಿಕೊಂಡೆ. ಹನ್ನೊಂದು ವರ್ಷದಿಂದ ತಲೆಗೆ ಹತ್ತದಿದ್ದದ್ದು ಆಗ ಹತ್ತಿತು. ಭಯಭಕ್ತಿ ಇದ್ದವರು ಆ ಕರ್ಪೂರ ಮುಟ್ಟುವುದಿಲ್ಲ, ಅಪ್ಪಯ್ಯ. ಯಾವುದಕ್ಕೂ ಹೇಸದ ನನ್ನಂಥವನು ಬಡಿದು ಆರಿಸುತ್ತಾನೆ. ನಾವು ಇಷ್ಟು ಕಾಲದಿಂದ ದೇವರಿಗೆ ಹೆದರುವವರನ್ನು ಹುಡುಕಿ ಹುಡುಕಿ ಕಳ್ಳರೆಂದು ಊರು ಬಿಡಿಸುತ್ತಿದ್ದೇವೆ, ಮಾದಪ್ಪನ ಹೆಸರಲ್ಲೇ! ಜಯಮ್ಮನೂ ಹಿಂದೆ ಸರಿಯುತ್ತಾಳೆ, ಅವಳ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ, ತಟ್ಟೆ ಹಿಡಿದವನು ನಾನಾಗಿರುತ್ತೇನೆ. ಬಾಯಿ ಬಿಟ್ಟರೆ ನನ್ನ ಪೂಜೆ ಹೋಗುತ್ತದೆ, ನಿನ್ನ ಹೆಸರೂ ಹೋಗುತ್ತದೆ.

ಸೋಮವಾರ ಬೆಳಿಗ್ಗೆ ಗುಡಿಯೊಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡೆ. ಮಂತ್ರ ಹೇಳಲಿಲ್ಲ. ನನ್ನ ಕೈಲಿ ಆಗುವುದಿಲ್ಲ, ನಿನಗೇ ಗೊತ್ತು, ಇಷ್ಟು ವರ್ಷ ನನ್ನನ್ನು ನೋಡಿದ್ದೀಯ, ನೀನೇ ಬಾಯಿ ಬಿಡಿಸು, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು ಎಂದೆ. ಹನ್ನೊಂದು ವರ್ಷದಲ್ಲಿ ಅವನ ಹತ್ತಿರ ನಾನು ನಿಜವಾಗಿ ಮಾತಾಡಿದ್ದು ಅದೇ ಮೊದಲು. ನಿನ್ನ ಮಾತು ಆಗ ನೆನಪಾಯಿತು. ತೊಳೆದುಕೊಂಡು ಬಾ ಎಂದಿದ್ದೆ ನೀನು. ಬಾ ಎಂದದ್ದನ್ನು ಮಾತ್ರ ನಾನು ಹಿಡಿದುಕೊಂಡಿದ್ದೆ.

ಜಯಮ್ಮ ಮಗಳ ಕೈ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ನಾನು ಹಚ್ಚದ ಕರ್ಪೂರದ ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟೆ. "ಪುಟ್ಟಸ್ವಾಮಣ್ಣ, ಇದ್ರಿಂದ ನಿಜ ತಿಳಿಯಕ್ಕಿಲ್ಲ. ನಿನ್ನ ಬ್ಯಾರನ್ ಸುಟ್ಟೋಗಿದ್ದು ನನ್ನಿಂದ. ಕುಡಿಯಕ್ಕೆ ಓಗಿದ್ದೆ. ಚೆಲುವಯ್ಯ ಏನೂ ಮಾಡ್ನಿಲ್ಲ" ಎಂದೆ. ಅವನಿಗೆ ಕಿವಿ ಮಂದವಾಗಿದೆ ಈಗ. ಏನಂದೆ ಎಂದು ಕೇಳಿದ. ಇನ್ನೊಂದು ಸಲ, ಗಟ್ಟಿಯಾಗಿ, ಊರೆಲ್ಲ ಕೇಳುವ ಹಾಗೆ ಹೇಳಬೇಕಾಯಿತು. ಅಂಗೈ ತೋರಿಸಿದೆ. ಯಾರೋ ಉಗಿದರು. ನಿನ್ನ ಹೆಸರು ಹಿಡಿದು, ಅಂಥವರ ಹೊಟ್ಟೆಯಲ್ಲಿ ಇಂಥವನಾ ಎಂದರು. ಪುಟ್ಟಸ್ವಾಮಣ್ಣ ಬಯ್ಯಲಿಲ್ಲ, ಗುಡಿಯ ಬೀಗದ ಕೈಗೆ ಕೈ ಒಡ್ಡಿದ, ಕೊಟ್ಟೆ. ಆ ಅಕ್ಕಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಆದರೆ ಜಯಮ್ಮನನ್ನು ಮತ್ತೆ ಯಾರೂ ಆಣೆಗೆ ಕರೆಯಲಿಲ್ಲ, ಅವಳೇ ಅಡುಗೆ ಮಾಡುತ್ತಿದ್ದಾಳೆ. ಈಗ ಪೂಜೆ ಚಿಕ್ಕಪ್ಪನ ಮನೆಯವರದು.

ಎಲ್ಲ ಹೇಳಿಯಾದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಎಲ್ಲಿ? ನಾನು ಬೀದಿಯಲ್ಲಿ ನಡೆದರೆ ಜನರ ಮಾತು ನಿಲ್ಲುತ್ತಿತ್ತು. ಆ ಶನಿವಾರ ಮತ್ತೆ ಕುಡಿದೆ, ಅಪ್ಪಯ್ಯ. ಹೌದು, ದೇವರ ಮುಂದೆ ಅಷ್ಟೆಲ್ಲ ಅತ್ತು ಬೇಡಿಕೊಂಡವನೇ ವಾರ ತುಂಬುವ ಮೊದಲು ಹೋಗಿ ಕುಡಿದೆ. ಮನೆಯ ಮುಂದಿನ ಚರಂಡಿಯ ಪಕ್ಕ ಬಿದ್ದಿದ್ದವನನ್ನು ಮಗಳು ನೋಡಿದಳು. ಮಾರನೇ ದಿನ ಶಿವಮ್ಮ ರೊಟ್ಟಿ ಬಡಿಯುತ್ತಾ, ನನ್ನ ಮುಖ ನೋಡದೆ ಹೇಳಿದಳು, "ಊರ್ ಮುಂದೆ ಹೇಳಿದ್ರಿ, ಸರಿ. ಚೆಲುವಯ್ಯನ ಮುಂದೆ ಹೇಳಿದ್ರಾ? ಹಾಳಾಗಿದ್ದು ಊರಿನ ಬದುಕಾ, ಅವನ ಬದುಕಾ?"

ಅದರ ಮರುದಿನ, ಸೋಮವಾರ, ಗುಡಿಯ ಹೊರಗಿನ ಕಲ್ಲಿನ ಬಳಿ ಬಹಳ ಹೊತ್ತು ನಿಂತಿದ್ದೆ. ಒಳಗೆ ಹೋಗುವ ಹಕ್ಕಿಲ್ಲ. ಗಂಟೆ ಬೇರೆಯವರು ಬಾರಿಸುತ್ತಿದ್ದರು. ನಾಚಿಕೊಂಡು ದೂರ ನಿಲ್ಲಬೇಡ ಎಂದಿದ್ದೆಯಲ್ಲ, ದೂರವೇ ನಿಂತಿದ್ದೆ, ಆದರೆ ಓಡಿಹೋಗಲಿಲ್ಲ. ಮತ್ತೆ ಬಿದ್ದೆ ಮಾದಪ್ಪ, ಎಷ್ಟು ಸಲ ಎತ್ತುತ್ತೀಯೋ ಗೊತ್ತಿಲ್ಲ, ಇನ್ನೊಂದು ಸಲ ಎತ್ತು, ಅವನ ಬಾಗಿಲವರೆಗೆ ನಡೆಸು ಸಾಕು ಎಂದೆ. ಉತ್ತರವೇನೂ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಎದ್ದಾಗ ಕಾಲು ಮಾತ್ರ ಸಾರಾಯಿ ಅಂಗಡಿಯ ಕಡೆ ತಿರುಗದೆ ರಸ್ತೆಯ ಕಡೆ ನಡೆಯಿತು. ಅದನ್ನೇ ಉತ್ತರ ಎಂದುಕೊಂಡೆ.

ಚೆಲುವಯ್ಯ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿದ್ದಾನೆ ಎಂದು ಕೊಡಗಿಗೆ ಕೂಲಿಗೆ ಹೋಗಿಬರುವವರು ಹೇಳಿದ್ದರು. ಕುಶಾಲನಗರದಲ್ಲಿ ಬಸ್ಸು ಬದಲಾಯಿಸುವಾಗ ವಾಪಸು ಹೋಗಿಬಿಡೋಣ ಎಂದು ಎರಡು ಸಲ ಇಳಿದು ಎರಡು ಸಲ ಹತ್ತಿದೆ. ಕೂಲಿಯವರ ಲೈನ್ ಮನೆಗಳ ಸಾಲಿನಲ್ಲಿ ಮಲೆಯಾಳ ಮಾತಾಡುವ ಒಬ್ಬ ಮುದುಕಿ ಕೊನೆಯ ಬಾಗಿಲು ತೋರಿಸಿದಳು. ಚೆಲುವಯ್ಯ ಹೊರಗೆ ಕೂತು ಬುಟ್ಟಿಗೆ ಬಿದಿರು ಸೀಳುತ್ತಿದ್ದ. ತಲೆಯೆಲ್ಲ ಬೆಳ್ಳಗಾಗಿದೆ. ನನ್ನನ್ನು ನೋಡಿ, ತಮ್ಮಡಪ್ಪನ ಮಗ ಎಂದ. ಅವನ ಹೆಂಡತಿ ಎರಡು ವರ್ಷದ ಹಿಂದೆ ಅಲ್ಲೇ ತೀರಿಕೊಂಡಳಂತೆ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಪಾಳಿ, ಸಾರಾಯಿ, ಆಣೆ, ಹುಲ್ಲಿನ ಮೆದೆ, ಎಲ್ಲವನ್ನೂ. ಅವನು ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

ನನ್ನ ಮಾತು ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ. "ಕುಡಿಯೋದು ಬುಟ್ಟಿದ್ದೀಯಾ?" ಬಿಟ್ಟು ಎಷ್ಟೋ ಕಾಲವಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ಸುಲಭವಿತ್ತು ಅಪ್ಪಯ್ಯ, ಅವನಿಗೆ ಹೇಗೆ ಗೊತ್ತಾಗಬೇಕು? ನನ್ನ ಮಾದಪ್ಪ ನನ್ನ ಜೊತೆ ಆ ತೋಟದವರೆಗೂ ಬಂದಿದ್ದ ಎಂದು ನಾನು ನಂಬುವುದು ಆ ಒಂದು ಗಳಿಗೆಯ ಕಾರಣಕ್ಕೆ. "ಇಲ್ಲ ಚೆಲುವಯ್ಯ. ಮೊನ್ನೆ ಶನಿವಾರ ಕುಡ್ದು ಬಿದ್ದಿದ್ದೆ. ಬುಡಿಸಪ್ಪ ಅಂತ ಸ್ವಾಮೀನ ಕೇಳ್ಕತಾ ಇವ್ನಿ, ಇನ್ನೂ ಆಗಿಲ್ಲ" ಎಂದೆ. ಅವನು ಕತ್ತಿ ಕೆಳಗಿಟ್ಟ. ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದ. "ಅಂಗಾದ್ರೆ ಮಿಕ್ಕಿದ್ದೂ ನಿಜಾನೇ ಹೇಳಿದ್ದೀಯ" ಎಂದು ಎದ್ದು ಒಳಗೆ ಹೋಗಿ ಒಲೆ ಹಚ್ಚಿದ. ಹಾಲಿಲ್ಲದ ಟೀ ಕೊಟ್ಟ.

ಟೀ ಕುಡಿದು ಕ್ಷಮಿಸು ಎಂದು ಕಾಲಿಗೆ ಬಾಗಿದರೆ ಕಾಲು ಹಿಂದಕ್ಕೆಳೆದುಕೊಂಡ. ಅದನ್ನು ಇವತ್ತು ಕೇಳಬೇಡ, ಹೊಟ್ಟೆಯೊಳಗೆ ಇನ್ನೂ ಉರಿಯುತ್ತಿದೆ, ಕ್ಷಮಿಸಿದೆ ಎಂದರೆ ಸುಳ್ಳಾಗುತ್ತದೆ ಎಂದ. ಅವನ ಹೆಂಡತಿ ಸಾಯುವ ತನಕ ನಮ್ಮೂರಿನ ಬಾವಿಯ ನೀರಿನ ರುಚಿ ಹೇಳುತ್ತಿದ್ದಳಂತೆ. ಅವನು ಹೇಳಿದ್ದು ಸರಿ ಅಪ್ಪಯ್ಯ, ಅವನು ಕ್ಷಮಿಸಬೇಕೆಂದೇನೂ ಇಲ್ಲ. ಕೈಮುಗಿದು ಹೊರಟೆ. ಲೈನ್ ಮನೆಗಳ ಸಾಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದ.

"ಲೋ ಮಾದೇಸ, ನಮ್ಮೂರ್ಗೆ ಈಗ ಬಸ್ ಬತ್ತದಾ?"

ನಮ್ಮೂರು ಎಂದ. ಬಸ್ಸಿನ ಸುದ್ದಿ ನಿನಗೂ ಗೊತ್ತಿಲ್ಲ ಅಪ್ಪಯ್ಯ, ನೀನು ಹೋದ ಮೇಲೆ ಬಂದದ್ದು. ಪಿರಿಯಾಪಟ್ಟಣದಿಂದ ಬೆಳಿಗ್ಗೆ ಒಂದು, ಸಂಜೆ ಒಂದು. ಬರುತ್ತದೆ, ಗುಡಿಯ ಮುಂದೆಯೇ ನಿಲ್ಲುತ್ತದೆ ಎಂದು ಕೂಗಿ ಹೇಳಿದೆ. ಅವನು ತಲೆಯಾಡಿಸಿದ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಬಂದರೆ ಯಾವ ಬಸ್ಸಿಗೆ ಬರುತ್ತಾನೋ ತಿಳಿಯದು. ಅದಕ್ಕೇ ಎರಡೂ ಹೊತ್ತು ಹೋಗಿ ನಿಲ್ಲುತ್ತೇನೆ. ಊರವರು ನಗುತ್ತಾರೆ, ನಗಲಿ. ಅವನು ಇಳಿಯುವಾಗ ನನ್ನ ಬಾಯಿ ಸಾರಾಯಿ ನಾರಬಾರದು, ಅಷ್ಟು ಮಾತ್ರ ಮಾದಪ್ಪನನ್ನು ದಿನಾ ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಬಸ್ಸಿನವರೆಗೆ ನಡೆಸು ಎನ್ನುತ್ತೇನೆ, ಆಮೇಲೆ ಸಂಜೆ ಬಸ್ಸಿನವರೆಗೆ ನಡೆಸು ಎನ್ನುತ್ತೇನೆ. ಅದಕ್ಕಿಂತ ದೂರದ್ದು ಕೇಳಲು ನನಗೆ ಧೈರ್ಯವಿಲ್ಲ. ಕುಡಿಯದೆ ಇವತ್ತಿಗೆ ಇಪ್ಪತ್ತಮೂರು ದಿನವಾಯಿತು.

ಸಂಜೆ ಬಸ್ಸಿಗೆ ಹೊತ್ತಾಯಿತು, ಅಪ್ಪಯ್ಯ. ಬರುತ್ತೇನೆ.

ನಿನ್ನ ಮಗ,
ಮಾದೇಶ